ಬಾಣಂತನದಲ್ಲಿ ಫಿಶರ್: ಆಪರೇಷನ್ ಇಲ್ಲದೆ ಮನೆಯಲ್ಲೇ ವಾಸಿ ಆಗುತ್ತಾ?

ಪ್ರಶ್ನೆ: ನನಗೆ 27 ವರ್ಷ. ಬಾಣಂತನಕ್ಕೆ ಹಾಸನ ಜಿಲ್ಲೆಯ ತವರುಮನೆಗೆ ಬಂದಿದ್ದೇನೆ. ನಾರ್ಮಲ್ ಹೆರಿಗೆ, ಎರಡು ತಿಂಗಳಾಯಿತು. ಇಪ್ಪತ್ತು ದಿನಗಳಿಂದ ಟಾಯ್ಲೆಟ್‌ಗೆ ಹೋದರೆ ಗಾಜಿನ ಚೂರು ಕೊಯ್ದ ಹಾಗೆ ನೋವು. ಬಂದ ಮೇಲೂ ಒಂದು ಗಂಟೆ ಉರಿ. ಎರಡು ಮೂರು ಹನಿ ಕೆಂಪು ರಕ್ತ ಬೀಳುತ್ತದೆ. ಡಾಕ್ಟರ್ ನೋಡಿ ಫಿಶರ್ ಅಂದರು, ಮುಲಾಮು ಮತ್ತು ಸಿರಪ್ ಕೊಟ್ಟರು. ನಾಲ್ಕು ದಿನದಲ್ಲಿ ನೋವು ಹೋಯಿತು, ಎರಡನ್ನೂ ಬಿಟ್ಟೆ. ಈಗ ಮತ್ತೆ ಶುರುವಾಗಿದೆ. ಹೆದರಿಕೊಂಡು ಎರಡು ದಿನಕ್ಕೊಮ್ಮೆ ಹೋಗುತ್ತಿದ್ದೇನೆ. ಅಮ್ಮ ನೀರು, ಸೊಪ್ಪು, ಹಣ್ಣು ಯಾವುದನ್ನೂ ಜಾಸ್ತಿ ಕೊಡುವುದಿಲ್ಲ. ಪಕ್ಕದ ಮನೆಯವರು ಇದು ಮೂಲವ್ಯಾಧಿ, ಉಷ್ಣದಿಂದ ಬಂದಿದ್ದು, ಆಪರೇಷನ್ನೇ ಗತಿ ಅನ್ನುತ್ತಾರೆ. ಮಗುವಿಗೆ ಎದೆಹಾಲು ಕುಡಿಸುತ್ತಿದ್ದೇನೆ. ಮನೆಯಲ್ಲೇ ವಾಸಿ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಇಪ್ಪತ್ತು ದಿನದ ಫಿಶರ್ ಅಂದರೆ ಇನ್ನೂ ಹೊಸ ಗಾಯ. ಇಂಥವುಗಳಲ್ಲಿ ಹೆಚ್ಚಿನವು ಚಾಕು ಮುಟ್ಟಿಸದೆಯೇ ವಾಸಿಯಾಗುತ್ತವೆ. ನಿಮ್ಮದೂ ನಾಲ್ಕು ದಿನದಲ್ಲಿ ವಾಸಿಯಾಗುವ ದಾರಿ ಹಿಡಿದಿತ್ತು. ನೋವು ಹೋಯಿತಲ್ಲ ಅಂತ ನೀವು ಔಷಧ ಬಿಟ್ಟಿರಿ, ಅಷ್ಟೇ. ನನ್ನ ಹತ್ತಿರ ಬರುವವರಲ್ಲಿ ಇದೇ ಕಥೆ ಹೇಳುವವರು ಬಹಳ. ನೋವು ಒಂದು ವಾರದೊಳಗೆ ಹೋಗಬಹುದು. ಸೀಳಿದ ಚರ್ಮ ಕೂಡಿ ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು. ಈ ಎರಡರ ನಡುವಿನ ಸಮಯದಲ್ಲಿ ಒಂದೇ ಒಂದು ದಿನ ಗಟ್ಟಿ ಮಲ ಹೋದರೂ ಗಾಯ ಹಸಿಯಾಗುತ್ತದೆ, ಲೆಕ್ಕ ಮತ್ತೆ ಒಂದರಿಂದ ಶುರು.

ಮೊದಲು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ನಮ್ಮಲ್ಲಿ ಆ ಜಾಗದಲ್ಲಿ ಏನೇ ಆದರೂ ಅದಕ್ಕೆ ಮೂಲವ್ಯಾಧಿ ಅಂತಲೇ ಹೆಸರು. ಪೈಲ್ಸ್ ಅಂದರೆ ಒಳಗಿನ ರಕ್ತನಾಳದ ಮೆತ್ತೆಗಳು ಊದಿಕೊಳ್ಳುವುದು. ಅದರಲ್ಲಿ ರಕ್ತ ಹೋಗುತ್ತದೆ, ಸಾಮಾನ್ಯವಾಗಿ ನೋವಿರುವುದಿಲ್ಲ. ಫಿಶರ್ ಅಂದರೆ ಗುದದ್ವಾರದ ಅಂಚಿನ ಚರ್ಮ ಸೀಳಿರುವುದು. ಚಳಿಗಾಲದಲ್ಲಿ ತುಟಿ ಒಡೆಯುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಇದರಲ್ಲಿ ರಕ್ತ ಸ್ವಲ್ಪ, ನೋವು ವಿಪರೀತ. ಭಗಂದರ ಅಥವಾ ಫಿಸ್ಟುಲಾ ಇನ್ನೊಂದು. ಅದರಲ್ಲಿ ಪಕ್ಕದಲ್ಲಿ ಸಣ್ಣ ರಂಧ್ರವಾಗಿ ಕೀವು ಸೋರುತ್ತದೆ. ನೀವು ಬರೆದಿರುವುದು, ಗಾಜು ಕೊಯ್ದ ಹಾಗೆ ಅನ್ನುವುದು, ಆಮೇಲಿನ ಗಂಟೆಗಟ್ಟಲೆ ಉರಿ, ಎರಡು ಹನಿ ಕೆಂಪು ರಕ್ತ, ಇವೆಲ್ಲ ಫಿಶರ್‌ನವೇ. ಡಾಕ್ಟರ್ ಕಣ್ಣಾರೆ ನೋಡಿಯೂ ಇದ್ದಾರೆ. ಹಾಗಾಗಿ ಪಕ್ಕದ ಮನೆಯವರ ರೋಗನಿರ್ಣಯವನ್ನು ಪಕ್ಕಕ್ಕಿಡಿ.

ಆ ಒಂದು ಗಂಟೆಯ ಉರಿ ಯಾಕೆ ಬರುತ್ತದೆ ಅಂತ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಗುದದ್ವಾರಕ್ಕೆ ಎರಡು ಬಳೆಯಂಥ ಸ್ನಾಯುಗಳಿವೆ. ಹೊರಗಿನದು ನಮ್ಮ ಮಾತು ಕೇಳುತ್ತದೆ, ಬೇಕೆಂದಾಗ ಬಿಗಿ ಹಿಡಿಯಬಹುದು. ಒಳಗಿನದು ಕೇಳುವುದಿಲ್ಲ, ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಚರ್ಮ ಸೀಳಿ ನೋವಾದಾಗ ಈ ಒಳಗಿನ ಸ್ನಾಯು ಸೆಟೆದುಕೊಳ್ಳುತ್ತದೆ. ಮೀನಖಂಡ ಹಿಡಿದುಕೊಂಡಾಗ ಆಗುತ್ತದಲ್ಲ, ಅಂಥದೇ ಹಿಡಿತ. ಅದು ಬಿಗಿಯಾದಷ್ಟು ಹೊತ್ತು ಗಾಯದ ಜಾಗಕ್ಕೆ ರಕ್ತ ಸರಿಯಾಗಿ ಬರುವುದಿಲ್ಲ. ಗುದದ ಹಿಂಭಾಗದ ನಡುಗೆರೆಗೆ ಮೊದಲೇ ರಕ್ತ ಸಂಚಾರ ಕಡಿಮೆ. ಹತ್ತರಲ್ಲಿ ಒಂಬತ್ತು ಫಿಶರ್‌ಗಳು ಅಲ್ಲೇ ಆಗುತ್ತವೆ. ಬಾಣಂತಿಯರಲ್ಲಿ ಮಾತ್ರ ಮುಂಭಾಗದಲ್ಲಿ, ಅಂದರೆ ಹೆರಿಗೆಯ ದಾರಿಯ ಕಡೆಗೆ ಆಗುವುದೂ ಉಂಟು.

ಇನ್ನು ನೀವು ಮಾಡುತ್ತಿರುವುದನ್ನು ನೋಡಿ. ಹೆದರಿ ಎರಡು ದಿನ ತಡೆದುಕೊಳ್ಳುತ್ತೀರಿ. ಮಲ ಒಳಗಿದ್ದಷ್ಟು ಹೊತ್ತು ದೊಡ್ಡ ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ಮೂರನೇ ದಿನ ಅದು ಕಲ್ಲಾಗಿ ಬರುತ್ತದೆ, ಗಾಯ ಮತ್ತೆ ಬಿಡುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಈ ಸರಪಳಿಯನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಬೇಕು. ಮಲವನ್ನು ಮೆದು ಮಾಡುವುದು ಅದಕ್ಕೆ ಎಲ್ಲಕ್ಕಿಂತ ಸುಲಭದ ಜಾಗ. ಮುಲಾಮು ಎರಡನೆಯದು. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಟ್ಯೂಬ್ ಮೇಲೆ ಟ್ಯೂಬ್ ಖಾಲಿ ಮಾಡುತ್ತಾರೆ, ಊಟ ಮಾತ್ರ ಅದೇ ಬಿಳಿ ಅನ್ನ, ತಿಳಿಸಾರು.

1986ರಲ್ಲಿ ಡೆನ್ಮಾರ್ಕ್‌ನಲ್ಲಿ ಹೊಸ ಫಿಶರ್ ಇದ್ದವರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಮರಗಟ್ಟಿಸುವ ಲಿಗ್ನೋಕೇನ್ ಮುಲಾಮು, ಇನ್ನೊಂದಕ್ಕೆ ಸ್ಟೀರಾಯ್ಡ್ ಮುಲಾಮು, ಮೂರನೆಯದಕ್ಕೆ ಮುಲಾಮೇ ಇಲ್ಲ, ಬರೀ ಗೋಧಿ ತೌಡು ಮತ್ತು ಬೆಚ್ಚನೆ ನೀರಿನಲ್ಲಿ ಕೂರುವುದು. ಮೂರು ವಾರದ ಹೊತ್ತಿಗೆ ಲಿಗ್ನೋಕೇನ್ ಗುಂಪಿನಲ್ಲಿ ನೂರಕ್ಕೆ 60 ಜನರಿಗೆ ಗಾಯ ಕೂಡಿತ್ತು. ತೌಡು ತಿಂದು ನೀರಿನಲ್ಲಿ ಕೂತವರಲ್ಲಿ 87 ಜನರಿಗೆ. ಹಳೆಯ ಅಧ್ಯಯನ, ದೊಡ್ಡದೂ ಅಲ್ಲ. ಆದರೂ ತೌಡು ಮುಲಾಮನ್ನು ಹಿಂದೆ ಹಾಕಿದ್ದು ನನಗೆ ಇವತ್ತಿಗೂ ಇಷ್ಟವಾಗುವ ಸಂಗತಿ.

ಈಗ ನಿಮ್ಮ ತಾಯಿಯವರ ವಿಷಯ. ಅವರ ಜೊತೆ ಜಗಳಕ್ಕೆ ಇಳಿಯಬೇಡಿ. ನೀರು ಜಾಸ್ತಿ ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಅನ್ನುವ ಮಾತನ್ನು ಅವರೂ ತಮ್ಮ ಬಾಣಂತನದಲ್ಲಿ ಕೇಳಿಯೇ ಬೆಳೆದವರು. ಆದರೆ ಲೆಕ್ಕ ಬೇರೆ ಹೇಳುತ್ತದೆ. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ಹಾಲು ಬೇಕು. ಅಷ್ಟೂ ನಿಮ್ಮ ಮೈಯಿಂದಲೇ ಹೋಗಬೇಕು. ಹೊರಗಿನಿಂದ ನೀರು ಬರದಿದ್ದರೆ ಮೈ ಅದನ್ನು ಕರುಳಿನಿಂದ ಎಳೆದುಕೊಳ್ಳುತ್ತದೆ. ಮಗುವಿಗೇನೋ ಹಾಲು ಸಿಗುತ್ತದೆ, ನಿಮಗೆ ಸಿಗುವುದು ಕಲ್ಲಿನಂಥ ಮಲ.

ಹಿರಿಯರ ತಕರಾರು ಹೆಚ್ಚಾಗಿ ತಣ್ಣೀರಿನ ಬಗ್ಗೆ, ಬೆಚ್ಚಗಿನ ನೀರಿನ ಬಗ್ಗೆ ಅಲ್ಲ. ಜೀರಿಗೆ ಹಾಕಿ ಕುದಿಸಿದ ನೀರನ್ನು ಒಂದು ಲೀಟರ್ ಫ್ಲಾಸ್ಕ್‌ಗೆ ತುಂಬಿಸಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮಗುವಿಗೆ ಹಾಲು ಕೊಡಲು ಕೂತಾಗಲೆಲ್ಲ ಒಂದು ಲೋಟ ಕುಡಿಯಿರಿ. ದಿನಕ್ಕೆ ಎಂಟು ಸಲವಾದರೂ ಕೂರುತ್ತೀರಿ, ಅಲ್ವಾ? ನೀರಿನ ಕಥೆ ಅಲ್ಲಿಗೆ ಮುಗಿಯಿತು. ಜೀರಿಗೆ ನೀರು ಅಂದರೆ ಯಾವ ಅಮ್ಮನೂ ಬೇಡ ಅನ್ನುವುದಿಲ್ಲ.

ಊಟದಲ್ಲೂ ಅವರು ಒಪ್ಪುವ ದಾರಿಯಲ್ಲೇ ಹೋಗಿ. ಸಬ್ಬಸಿಗೆ ಸೊಪ್ಪು, ಮೆಂತ್ಯ, ನುಗ್ಗೆ ಸೊಪ್ಪು ಹಾಲು ಹೆಚ್ಚಿಸುತ್ತವೆ ಅಂತ ನಮ್ಮ ಕಡೆ ಬಾಣಂತಿಯರಿಗೆ ಕೊಡುವ ರೂಢಿ ಇದ್ದೇ ಇದೆ. ಹಾಲು ಹೆಚ್ಚುತ್ತದೋ ಇಲ್ಲವೋ, ನಾರಂತೂ ಸಿಗುತ್ತದೆ. ಒಂದು ಚಮಚ ಪಲ್ಯ ಸಾಲದು, ಒಂದು ಬಟ್ಟಲು ಬೇಕು. ಮಧ್ಯಾಹ್ನದ ಅನ್ನದ ಬದಲು ರಾಗಿ ಮುದ್ದೆ ಉಣ್ಣಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಜೋಳವೂ ರಾಗಿಯ ಹತ್ತಿರ ಹತ್ತಿರವೇ, ಜೋಳದ ರೊಟ್ಟಿ ಮಾಡುವ ಮನೆಯಾದರೆ ಅದೂ ಆಗುತ್ತದೆ. ದಿನಕ್ಕೆ 30 ಗ್ರಾಂ ನಾರು ನಮ್ಮ ಗುರಿ. ಬಿಳಿ ಅನ್ನ, ಮೆಣಸಿನ ಸಾರು, ತುಪ್ಪದಲ್ಲೇ ಬಾಣಂತನ ನಡೆದರೆ ಅದರ ಅರ್ಧಕ್ಕೂ ಮುಟ್ಟುವುದಿಲ್ಲ. ತುಪ್ಪ ಬೇಡ ಅಂತಲ್ಲ, ತುಪ್ಪ ಇರಲಿ. ಅದರ ಜೊತೆ ಇಡೀ ಹೆಸರುಕಾಳಿನ ಉಸಲಿಯೂ ಇರಲಿ.

ಹಣ್ಣಿನಲ್ಲಿ ಪಪ್ಪಾಯಿ ನಿಮ್ಮ ಮನೆಯಲ್ಲಿ ಖಂಡಿತ ಗಲಾಟೆಯ ವಿಷಯ ಆಗುತ್ತದೆ. ಚೆನ್ನಾಗಿ ಮಾಗಿದ ಪಪ್ಪಾಯಿಯಿಂದ ಬಾಣಂತಿಗೆ ತೊಂದರೆ ಏನೂ ಇಲ್ಲ. ಆದರೂ ಅದಕ್ಕಾಗಿ ರಂಪ ಬೇಡ. ರಾತ್ರಿ ನೆನೆಸಿದ ಒಣದ್ರಾಕ್ಷಿ ಒಂದು ಹಿಡಿ, ಅಂಜೂರ ಎರಡು ಮೂರು, ಬೆಳಗ್ಗೆ ನೆನೆಸಿದ ನೀರಿನ ಸಮೇತ ತಿನ್ನಿ. ಡ್ರೈಫ್ರೂಟ್ಸ್ ಅಂದರೆ ಮನೆಯವರು ಖುಷಿಯಾಗಿಯೇ ಕೊಡುತ್ತಾರೆ. ಬಾಳೆಹಣ್ಣು ತಿನ್ನುವುದಾದರೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಷ್ಟು ಮಾಗಿರಲಿ. ಅರೆಗಾಯಿ ಬಾಳೆ ಮಲವನ್ನು ಇನ್ನೂ ಕಟ್ಟುತ್ತದೆ.

ಉಷ್ಣದ ಮಾತಿಗೆ ಬಂದರೆ, ಮೈ ಹೀಟ್ ಆಗಿ ಚರ್ಮ ಸೀಳುವುದಿಲ್ಲ, ಗಟ್ಟಿ ಮಲ ಸೀಳಿಸುತ್ತದೆ. ಆದರೆ ಖಾರದ ವಿಷಯದಲ್ಲಿ ಹಿರಿಯರು ಹೇಳುವುದು ಪೂರ್ತಿ ಸುಳ್ಳಲ್ಲ. ಮೆಣಸಿನಕಾಯಿಯ ಖಾರದ ಅಂಶ ಪೂರ್ತಿ ಜೀರ್ಣವಾಗದೆ ಕೆಳಗಿನವರೆಗೂ ಬರುತ್ತದೆ. ಬಾಯಿಯಲ್ಲಿ ಉರಿಯನ್ನು ಗುರುತಿಸುವ ನರತುದಿಗಳು ಗುದದ ಅಂಚಿನಲ್ಲೂ ಇವೆ. ಅಲ್ಲಿ ಗಾಯವೂ ಇದ್ದರೆ ಕೇಳಬೇಕೆ? 2008ರಲ್ಲಿ ನಾಗಪುರದ ಶಸ್ತ್ರಚಿಕಿತ್ಸಕರೊಬ್ಬರು ಪ್ರಕಟಿಸಿದ ಅಧ್ಯಯನದಲ್ಲೂ ಮೆಣಸಿನಪುಡಿ ತಿಂದ ವಾರದಲ್ಲಿ ಫಿಶರ್ ರೋಗಿಗಳ ಉರಿ, ನೋವು ಹೆಚ್ಚಾಗಿದ್ದು ಕಂಡಿತ್ತು. ಸಪ್ಪೆ ಊಟ ಬೇಕಿಲ್ಲ. ಎರಡು ತಿಂಗಳ ಮಟ್ಟಿಗೆ ಗುಂಟೂರು ಬಿಟ್ಟು ಬ್ಯಾಡಗಿ ಬಳಸಿ, ಬಣ್ಣಕ್ಕೆ ಮೋಸ ಇಲ್ಲ. ಬಾಣಂತಿಯರಿಗೆಂದೇ ಮಾಡುವ ಕಾಳುಮೆಣಸು, ಒಣಶುಂಠಿಯ ಖಾರವನ್ನೂ ಸ್ವಲ್ಪ ತಗ್ಗಿಸಿ.

ಇಸಬ್‌ಗೋಲ್ ಬಗ್ಗೆ ಕೇಳಿರುತ್ತೀರಿ. ಅದು ಒಂದು ಬೀಜದ ಹೊಟ್ಟು, ರಕ್ತಕ್ಕೆ ಸೇರುವುದೇ ಇಲ್ಲ, ಹಾಗಾಗಿ ಎದೆಹಾಲಿಗೂ ಹೋಗುವುದಿಲ್ಲ. ಆದರೆ ಇವತ್ತೇ ಎರಡು ದೊಡ್ಡ ಚಮಚ ಕುಡಿದುಬಿಡಬೇಡಿ. ಒಳಗೆ ಈಗಾಗಲೇ ಎರಡು ದಿನದ ಗಟ್ಟಿ ಮಲ ಕೂತಿದೆ. ಅದರ ಹಿಂದೆ ಹೊಟ್ಟು ಸೇರಿದರೆ ಹೊರಬರುವುದು ಇನ್ನೂ ದಪ್ಪವಾಗುತ್ತದೆ. ಮೊದಲು ಡಾಕ್ಟರ್ ಕೊಟ್ಟ ಸಿರಪ್ ಮತ್ತೆ ಶುರು ಮಾಡಿ. ಅದು ಲ್ಯಾಕ್ಟುಲೋಸ್ ಆಗಿರಬಹುದು, ಬಾಟಲಿ ಮೇಲೆ ನೋಡಿ. ಸಾಮಾನ್ಯವಾಗಿ ರಾತ್ರಿ 15 ಎಂಎಲ್, ಸಾಲದಿದ್ದರೆ 30 ಎಂಎಲ್ ತನಕ ಕೊಡುತ್ತಾರೆ. ಕೆಲಸ ಶುರುವಾಗಲು ಒಂದೆರಡು ದಿನ ಹಿಡಿಯುತ್ತದೆ, ಮೊದಲ ರಾತ್ರಿಯೇ ಏನೂ ಆಗಲಿಲ್ಲ ಅಂತ ಬಿಡಬೇಡಿ. ಇದೂ ರಕ್ತಕ್ಕೆ ಹೆಚ್ಚು ಸೇರದ ಔಷಧ, ಹಾಲು ಕುಡಿಸುವಾಗ ತೆಗೆದುಕೊಳ್ಳಬಹುದು. ನೀರಲ್ಲಿ ಕಲಸಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯೂ ಅಷ್ಟೇ. ಮಲ ಸಲೀಸಾದ ಮೇಲೆ ಇಸಬ್‌ಗೋಲ್ ಒಂದು ಟೀ ಚಮಚದಿಂದ ಶುರು ಮಾಡಿ. ಪೂರ್ತಿ ಒಂದು ಲೋಟ ನೀರಿಗೆ ಹಾಕಿ ಕಲಕಿ, ಗಟ್ಟಿಯಾಗುವ ಮೊದಲೇ ಕುಡಿದುಬಿಡಿ. ಆಮೇಲೆ ಇನ್ನೊಂದು ಲೋಟ ನೀರು. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿಯುವವರಿದ್ದಾರೆ, ಅದು ಗಂಟಲಲ್ಲೇ ಊದಿ ಸಿಕ್ಕಿಕೊಳ್ಳಬಹುದು. ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಶುರುವಿನಲ್ಲಿ ಹೊಟ್ಟೆ ಉಬ್ಬರ, ಗ್ಯಾಸ್ ಇರುತ್ತದೆ, ಹತ್ತು ದಿನದಲ್ಲಿ ಒಗ್ಗುತ್ತದೆ.

ಎಷ್ಟು ಮೆದುವಾಗಬೇಕು? ಮಾಗಿದ ಬಾಳೆಹಣ್ಣಿನಷ್ಟು. ನೀರಾಗಿ ಹೋಗುವುದೂ ಬೇಡ. ಭೇದಿಯೂ ಫಿಶರ್‌ಗೆ ಶತ್ರುವೇ, ದಿನಕ್ಕೆ ಐದಾರು ಸಲ ಒರೆಸಿ ತೊಳೆದು ಗಾಯ ಕೆಂಪಗಾಗುತ್ತದೆ. ಅದಕ್ಕೇ ಹರಳೆಣ್ಣೆ ಬೇಡ ಅನ್ನುವುದು. ಅಜ್ಜಿಯರ ಕಾಲದಲ್ಲಿ ಹೊಟ್ಟೆ ಶುದ್ಧಿಗೆ ಕೊಡುತ್ತಿದ್ದರು, ನಿಜ. ಅದು ಒಂದು ದಿನ ಕರುಳನ್ನು ಜಾಡಿಸಿ, ಮುಂದಿನ ಮೂರು ದಿನ ಮತ್ತೆ ಕಟ್ಟಿಸುತ್ತದೆ.

ನೀವು ಬರೆಯದ ಒಂದು ವಿಷಯ ಇದೆ, ನಾನೇ ಕೇಳುತ್ತೇನೆ. ಐರನ್ ಮತ್ತು ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದೀರಾ? ಹೆರಿಗೆಯಾದ ಮೇಲೆ 180 ದಿನ ಐರನ್ ಮಾತ್ರೆ ಕೊಡಬೇಕೆನ್ನುವುದು ಸರ್ಕಾರದ ಕಾರ್ಯಕ್ರಮ, ಆಶಾ ಕಾರ್ಯಕರ್ತೆ ತಂದುಕೊಟ್ಟಿರುತ್ತಾರೆ. ಎರಡೂ ಮಲವನ್ನು ಗಟ್ಟಿ ಮಾಡುತ್ತವೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಹೆರಿಗೆಯಲ್ಲಿ ಹೋದ ರಕ್ತ ಮೈಗೆ ವಾಪಸ್ ಬರಬೇಕು. ಮಲಬದ್ಧತೆ ಆಗುತ್ತಿದೆ ಅಂತ ಡಾಕ್ಟರ್‌ಗೆ ಹೇಳಿ. ಬೇರೆ ಬಗೆಯ ಐರನ್ ಕೊಡಬಹುದು ಅಥವಾ ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಬಹುದು. ಇಸಬ್‌ಗೋಲ್‌ಗೂ ಯಾವುದೇ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ಹಾಲು ಕುಡಿಸುವವರಿಗೂ ತೊಂದರೆ ಇಲ್ಲ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಬೇಡ. ಅವು ಕರುಳನ್ನು ಮಲಗಿಸುತ್ತವೆ, ಮಗುವಿಗೂ ಒಳ್ಳೆಯದಲ್ಲ.

ಬಿಸಿನೀರಿನಲ್ಲಿ ಕೂರುವುದು ಬಾಣಂತನದ ಮನೆಯಲ್ಲಿ ಎಲ್ಲಕ್ಕಿಂತ ಸುಲಭ. ಹಂಡೆಯಲ್ಲಿ ನೀರು ಹೇಗೂ ಕಾದಿರುತ್ತದೆ. ಅಗಲವಾದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ವೆಸ್ಟರ್ನ್ ಕಮೋಡ್ ಇದ್ದರೆ ಅದರ ಮೇಲೆ ಕೂರಿಸುವ ಟಬ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಸೊಂಟದ ಕೆಳಭಾಗ ಮುಳುಗುವಷ್ಟು ನೀರು, ಮೊಣಕೈ ಅದ್ದಿದರೆ ಹಿತವಾಗಿ ಬೆಚ್ಚಗೆ ಅನ್ನಿಸುವಷ್ಟು ಬಿಸಿ. ಸುಡುವಷ್ಟು ಬೇಡ. ಬಾಣಂತಿ ಸ್ನಾನದ ಬಿಸಿ ಇದಕ್ಕೆ ಅಳತೆಯಲ್ಲ, ಆ ನೀರನ್ನು ನೆನೆಸಿಕೊಂಡರೇ ಕೆಲವರ ಬೆನ್ನು ಕೆಂಪಾಗುತ್ತದೆ! ಹತ್ತರಿಂದ ಹದಿನೈದು ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ. ಅದರಲ್ಲಿ ಒಂದು ಸಲ ಟಾಯ್ಲೆಟ್‌ಗೆ ಹೋಗಿ ಬಂದ ತಕ್ಷಣವೇ ಆಗಿರಲಿ, ಸ್ನಾಯು ಸೆಟೆದುಕೊಳ್ಳುವ ಹೊತ್ತು ಅದೇ. ಬೆಚ್ಚಗೆ ತಾಗಿದಾಗ ಆ ಹಿಡಿತ ಸಡಿಲವಾಗುವುದು ನಿಮಗೇ ಗೊತ್ತಾಗುತ್ತದೆ. ಡೆಟಾಲ್, ಉಪ್ಪು, ನೇರಳೆ ಬಣ್ಣದ ಪರ್ಮ್ಯಾಂಗನೇಟ್ ಹರಳು ಯಾವುದೂ ಬೇಡ. ಬರೀ ನೀರು ಸಾಕು. ಡೆಟಾಲ್ ಹಾಕಿಕೊಂಡು ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಆಮೇಲೆ ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಹೆರಿಗೆಯ ಹೊಲಿಗೆ ಹಾಕಿದ್ದರೆ ಎರಡು ತಿಂಗಳಿಗೆ ಅದು ಮಾಗಿರುತ್ತದೆ, ಅದಕ್ಕೇನೂ ಆಗುವುದಿಲ್ಲ.

ಟಾಯ್ಲೆಟ್‌ನಲ್ಲಿ ಹೇಗೆ ಕೂರುತ್ತೀರಿ ಅನ್ನುವುದೂ ಮುಖ್ಯ. ಭಾರತೀಯ ಶೈಲಿಯದಾದರೆ ಕುಕ್ಕರುಗಾಲೇ ಒಳ್ಳೆಯ ಭಂಗಿ. ವೆಸ್ಟರ್ನ್ ಆದರೆ ಕಾಲಿನ ಕೆಳಗೆ ಒಂದು ಗೇಣು ಎತ್ತರದ ಮಣೆ ಅಥವಾ ಸ್ಟೂಲ್ ಇಟ್ಟುಕೊಂಡು ಸ್ವಲ್ಪ ಮುಂದಕ್ಕೆ ಬಾಗಿ. ಮಂಡಿ ಸೊಂಟಕ್ಕಿಂತ ಮೇಲಿರಲಿ. ಆಗ ಕರುಳಿನ ಕೊನೆಯ ತಿರುವು ನೇರವಾಗುತ್ತದೆ, ಮುಕ್ಕುವ ಅಗತ್ಯ ಕಡಿಮೆ. ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳಿಗೆ ತಾನಾಗಿಯೇ ಚಲನೆ ಬರುತ್ತದೆ, ಆ ಹೊತ್ತು ಹಿಡಿಯಿರಿ. ಮಗು ಅದೇ ಹೊತ್ತಿಗೆ ಅಳುತ್ತದೆ, ಗೊತ್ತು. ಹತ್ತು ನಿಮಿಷ ಮಗುವನ್ನು ಅಜ್ಜಿಯ ಕೈಗೆ ಕೊಡಿ. ಬಂದಿದ್ದನ್ನು ತಡೆದುಕೊಳ್ಳುವುದು ಮಾತ್ರ ಇನ್ನು ಬೇಡವೇ ಬೇಡ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ, ಮೊಬೈಲ್ ಹೊರಗಿರಲಿ. ತೊಳೆಯಲು ಜೆಟ್ ಸ್ಪ್ರೇಗಿಂತ ಚೊಂಬಿನ ನೀರು ವಾಸಿ. ಆ ಜೆಟ್‌ನ ರಭಸ ಒಣಗಿದ ಗಾಯಕ್ಕೂ ಹೊಡೆತ. ಸೋಪು, ಮಗುವಿಗೆ ತಂದಿರುವ ಸುವಾಸನೆಯ ವೈಪ್ಸ್ ಅಲ್ಲಿಗೆ ಬೇಡ.

ಮುಲಾಮು ಹಚ್ಚುವುದಕ್ಕೂ ಒಂದು ರೀತಿ ಇದೆ. ಟ್ಯೂಬ್ ಜೊತೆ ಒಂದು ಪ್ಲಾಸ್ಟಿಕ್ ಮೂತಿ ಬರುತ್ತದಲ್ಲ, ಅದನ್ನು ಎಸೆದುಬಿಡಿ. ಹೊಸ ಗಾಯದ ಒಳಗೆ ಅದನ್ನು ತೂರಿಸುವುದು ಗಾಯವನ್ನು ಮತ್ತೆ ಸೀಳಿದ ಹಾಗೆಯೇ. ಬಟಾಣಿ ಕಾಳಿನಷ್ಟು ಮುಲಾಮನ್ನು ಬೆರಳ ತುದಿಗೆ ತೆಗೆದುಕೊಂಡು ಅಂಚಿನ ಮೇಲೆ, ಸ್ವಲ್ಪವೇ ಒಳಬದಿಗೆ ಸವರಿ. ಲಿಗ್ನೋಕೇನ್ ಜೆಲ್ ಆದರೆ ಟಾಯ್ಲೆಟ್‌ಗೆ ಹೋಗುವ ಐದು ಹತ್ತು ನಿಮಿಷ ಮೊದಲು ಹಚ್ಚಿದರೆ ಆ ಹೊತ್ತಿನ ಹೆದರಿಕೆಯಾದರೂ ಕಡಿಮೆಯಾಗುತ್ತದೆ. ಯಾವ ಮುಲಾಮಾದರೂ ಹಚ್ಚಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಮಗುವನ್ನು ಮುಟ್ಟಿ.

ನಿಮ್ಮ ಟ್ಯೂಬ್ ಮೇಲೆ ಏನು ಬರೆದಿದೆ ಅಂತ ಓದಿ. ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಕೊಡುವ ಪೈಲ್ಸ್ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಒಂದು ವಾರ ಪರವಾಗಿಲ್ಲ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಡಿಲ್ಟಿಯಾಜೆಮ್ 2% ಅಥವಾ ನಿಫೆಡಿಪಿನ್ ಇದ್ದರೆ ಅವು ಬೇರೆ ಜಾತಿ. ಒಳಗಿನ ಸ್ನಾಯುವಿನ ಬಿಗಿತವನ್ನೇ ಸಡಿಲಿಸುತ್ತವೆ. ದಿನಕ್ಕೆ ಎರಡು ಸಲದಂತೆ ಆರರಿಂದ ಎಂಟು ವಾರ ಹಚ್ಚಬೇಕು, ನಾಲ್ಕು ದಿನ ಹಚ್ಚಿ ಬಿಟ್ಟರೆ ಏನೂ ಉಪಯೋಗವಿಲ್ಲ. ನೈಟ್ರೋಗ್ಲಿಸರಿನ್ ಮುಲಾಮು ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಹಲವರಿಗೆ ತಲೆ ಸಿಡಿಯುವಷ್ಟು ತಲೆನೋವು ತರುತ್ತದೆ. ಈ ಮೂರನ್ನೂ ಹಾಲು ಕುಡಿಸುತ್ತಿದ್ದೇನೆ ಅಂತ ಡಾಕ್ಟರ್‌ಗೆ ಹೇಳಿದ ಮೇಲೆಯೇ ಬಳಸಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹೊರಗೆ ಸವರಿದರೆ ಜಾರಲು ಸಹಾಯ, ಅಷ್ಟಕ್ಕೆ ಸರಿ.

ಇನ್ನು ಆಪರೇಷನ್. ಫಿಶರ್‌ಗೆ ಮಾಡುವ ಸಾಮಾನ್ಯ ಆಪರೇಷನ್‌ನಲ್ಲಿ ಆ ಒಳಗಿನ ಸ್ನಾಯುವನ್ನು ಸ್ವಲ್ಪ ಕತ್ತರಿಸುತ್ತಾರೆ. ಹಳೆಯ, ಬೇರೇನಕ್ಕೂ ಬಗ್ಗದ ಫಿಶರ್‌ಗೆ ಅದು ಒಳ್ಳೆಯ ಚಿಕಿತ್ಸೆ, ಹತ್ತರಲ್ಲಿ ಒಂಬತ್ತು ಜನರಿಗೆ ವಾಸಿಯಾಗುತ್ತದೆ. ಆದರೆ ಬಾಣಂತಿಗೆ ನಾನು ಅದರ ಹೆಸರೆತ್ತಲು ಹಿಂಜರಿಯುತ್ತೇನೆ. ಹೆರಿಗೆಯಲ್ಲಿ ಈ ಸ್ನಾಯುಗಳೇ ಹಿಗ್ಗಿರುತ್ತವೆ, ಕೆಲವರಲ್ಲಿ ಹೊರಗೆ ಕಾಣದ ಹಾಗೆ ಹರಿದೂ ಇರುತ್ತವೆ. ಹೆರಿಗೆಯ ನಂತರದ ಫಿಶರ್‌ನಲ್ಲಿ ಸ್ನಾಯು ಅಂಥ ಬಿಗಿಯಾಗಿ ಇರದಿರುವುದೂ ಉಂಟು. ಅದರ ಮೇಲೆ ಇನ್ನಷ್ಟು ಕತ್ತರಿಸಿದರೆ ಗ್ಯಾಸ್, ಮಲ ಹಿಡಿತಕ್ಕೆ ಸಿಗದ ತೊಂದರೆ ಬರಬಹುದು. ಮುಂದೆ ಇನ್ನೊಂದು ಹೆರಿಗೆಯೂ ಇರಬಹುದು. ಹಾಗಾಗಿ ಯಾರಾದರೂ ಮೊದಲ ಭೇಟಿಯಲ್ಲೇ ಆಪರೇಷನ್‌ಗೆ ದಿನ ಕೊಟ್ಟರೆ ಇನ್ನೊಬ್ಬ ಸರ್ಜನ್‌ಗೆ ತೋರಿಸಿ. ಗೋಡೆ ಮೇಲಿನ ಬೋರ್ಡ್ ನೋಡಿ ಹೋಗುವ, ಒಂದೇ ಇಂಜೆಕ್ಷನ್‌ನಲ್ಲಿ ಮೂಲವ್ಯಾಧಿ ಮಾಯ ಅನ್ನುವ ಜಾಗಗಳಿಗೆ ಅಂತೂ ಹೋಗಲೇಬೇಡಿ. ಅಲ್ಲಿ ಏನು ಚುಚ್ಚುತ್ತಾರೆ ಅಂತ ಹೇಳುವವರಿರುವುದಿಲ್ಲ. ಕೊಳೆತ ಚರ್ಮ ಹೊತ್ತುಕೊಂಡು ಬಂದವರಿಗೆ ಆಮೇಲೆ ನಾವು ದೊಡ್ಡ ಆಪರೇಷನ್ ಮಾಡಬೇಕಾಗಿದೆ. ಆಯುರ್ವೇದದ ಕ್ಷಾರಸೂತ್ರವೂ ಭಗಂದರಕ್ಕೆ, ನಿಮ್ಮಂಥ ಹೊಸ ಸೀಳಿಗಲ್ಲ.

ಮನೆಯಲ್ಲಿ ಕಾಯಬಾರದ ಸಂದರ್ಭಗಳು ಇವು. ಜ್ವರ, ಪಕ್ಕದಲ್ಲಿ ಊತ, ಮಿಡಿಯುವ ನೋವು, ಕೀವು ಇದ್ದರೆ ಅದು ಕುರು, ಅವತ್ತೇ ಹೋಗಿ. ರಕ್ತ ಹನಿಯಾಗದೆ ಗಡ್ಡೆಗಡ್ಡೆಯಾಗಿ ಹೋದರೆ, ತಲೆ ಸುತ್ತಿದರೆ ಆಗಲೂ ಅಷ್ಟೇ. ಮಲದೊಳಗೇ ರಕ್ತ ಬೆರೆತಿದ್ದರೆ, ತೂಕ ಇಳಿಯುತ್ತಿದ್ದರೆ, ಬಹಳ ದಿನದಿಂದ ಭೇದಿ ಇದ್ದರೆ ಪರೀಕ್ಷೆ ಬೇರೆಯೇ ಆಗಬೇಕು. ಸೀಳು ಹಿಂದೆ ಮುಂದೆ ಬಿಟ್ಟು ಪಕ್ಕದಲ್ಲಿದೆ ಅಂತ ಡಾಕ್ಟರ್ ಹೇಳಿದರೆ ಕ್ಷಯ, ಕ್ರೋನ್ಸ್‌ನಂಥ ಕಾಯಿಲೆ ಇದೆಯೇ ಅಂತ ನೋಡಬೇಕಾಗುತ್ತದೆ. ಹೆರಿಗೆಯ ನಂತರ ಗ್ಯಾಸ್ ಅಥವಾ ಮಲ ಗೊತ್ತಿಲ್ಲದೆ ಹೋಗುತ್ತಿದ್ದರೆ ನಾಚಿಕೆ ಪಡದೆ ಹೇಳಿ, ಅದು ಸ್ನಾಯುವಿನ ಗಾಯ, ಅದಕ್ಕೆ ಚಿಕಿತ್ಸೆ ಇದೆ. ಮಲ ಕಪ್ಪಾಗಿದೆ ಅಂತ ಮಾತ್ರ ಗಾಬರಿಯಾಗಬೇಡಿ, ಐರನ್ ಮಾತ್ರೆಗೆ ಹಾಗಾಗುತ್ತದೆ. ಟಾರಿನ ಹಾಗೆ ಅಂಟಂಟಾಗಿ ಕೆಟ್ಟ ವಾಸನೆ ಇದ್ದರೆ ಮಾತ್ರ ತೋರಿಸಿ.

ಇದನ್ನೆಲ್ಲ ಸರಿಯಾಗಿ ಮಾಡಿದರೆ ಮೊದಲ ವಾರದಲ್ಲಿ ಉರಿಯ ಸಮಯ ಕಡಿಮೆಯಾಗುತ್ತದೆ. ಒಂದು ಗಂಟೆ ಇದ್ದದ್ದು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಎರಡು ಮೂರನೇ ವಾರಕ್ಕೆ ರಕ್ತ ನಿಲ್ಲಬೇಕು. ನಡುವೆ ಒಂದು ದಿನ ಮದುವೆ ಊಟ ಮಾಡಿ ಮತ್ತೆ ನೋವು ಬಂದರೆ ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ, ಅವತ್ತಿನ ರಾತ್ರಿಯ ಸಿರಪ್ ತಪ್ಪಿಸದಿದ್ದರೆ ಸಾಕು. ಮುಲಾಮು ಎಂಟು ವಾರಕ್ಕೆ ನಿಲ್ಲಬಹುದು, ನಾರು ನಿಲ್ಲಬಾರದು. ಡೆನ್ಮಾರ್ಕ್‌ನಲ್ಲೇ 1987ರಲ್ಲಿ ವಾಸಿಯಾದವರನ್ನು ಒಂದು ವರ್ಷ ಗಮನಿಸಿದಾಗ, ದಿನಕ್ಕೆ ಮೂರು ಸಲ 5 ಗ್ರಾಂ ತೌಡು ತಿನ್ನುತ್ತಿದ್ದವರಲ್ಲಿ ನೂರಕ್ಕೆ 16 ಜನರಿಗೆ ಫಿಶರ್ ಮರಳಿತ್ತು. ತೌಡಿಲ್ಲದವರಲ್ಲಿ 68 ಜನರಿಗೆ. ತೌಡನ್ನು ಅರ್ಧಕ್ಕೆ ಇಳಿಸಿದವರಿಗೂ ಹೆಚ್ಚು ಲಾಭ ಸಿಗಲಿಲ್ಲ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಇಸಬ್‌ಗೋಲ್ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಳ್ಳಿ.

ಆರು ವಾರ ಕಳೆದ ಮೇಲೆ ಒಮ್ಮೆ ಡಾಕ್ಟರ್‌ಗೆ ತೋರಿಸಿ, ನೋವಿಲ್ಲದಿದ್ದರೂ. ಹೋಗಲು ಮುಜುಗರ ಅಂತ ಬಹಳ ಹೆಣ್ಣುಮಕ್ಕಳು ಇದನ್ನೇ ತಪ್ಪಿಸುತ್ತಾರೆ. ಪರೀಕ್ಷೆ ಅಂದರೆ ಎಡಮಗ್ಗುಲಿಗೆ ಮಲಗಿಸಿ, ಚರ್ಮವನ್ನು ಮೆಲ್ಲಗೆ ಸರಿಸಿ ಕಣ್ಣಲ್ಲಿ ನೋಡುವುದು, ಅರ್ಧ ನಿಮಿಷದ ಕೆಲಸ. ನೋವಿರುವಾಗ ಬೆರಳು ಹಾಕಿ ನೋಡುವ ಅಗತ್ಯವೇ ಇರುವುದಿಲ್ಲ, ಬೇಡ ಅಂತ ನೀವೇ ಹೇಳಬಹುದು. ಲೇಡಿ ಡಾಕ್ಟರ್ ಬೇಕು, ಅಥವಾ ಜೊತೆಗೆ ನರ್ಸ್ ಇರಲಿ ಅಂತ ಕೇಳುವುದೂ ನಿಮ್ಮ ಹಕ್ಕು. ನಿಮ್ಮ ಹೆರಿಗೆ ಮಾಡಿಸಿದ ಡಾಕ್ಟರ್‌ಗೇ ತೋರಿಸಿದರೂ ಆಗುತ್ತದೆ. ಮಗುವಿಗೆ ಎರಡೂವರೆ ತಿಂಗಳಿನ ಮತ್ತು ಮೂರೂವರೆ ತಿಂಗಳಿನ ಲಸಿಕೆ ಹಾಕಿಸಲು ಹೇಗೂ ಹೋಗುತ್ತೀರಿ. ಮೂರೂವರೆ ತಿಂಗಳಿನ ದಿನವೇ ಒಂದು ಚೀಟಿ ಮಾಡಿಸಿ ನಿಮ್ಮದನ್ನೂ ತೋರಿಸಿಕೊಂಡು ಬನ್ನಿ. ಆರು ವಾರದ ಲೆಕ್ಕ ಸರಿಯಾಗಿ ಅಲ್ಲಿಗೆ ಬರುತ್ತದೆ.